ಅಮ್ಮ ನೀರಿಗಿಳಿದ ಬೇಸಿಗೆ

ಹೋದ ವರ್ಷದ ಬೇಸಿಗೆಯಲ್ಲಿ ಶಿವಮೊಗ್ಗದ ಸೆಖೆ ತಡೆಯುವಂತಿರಲಿಲ್ಲ. ಹೊಸಮನೆ ಬಡಾವಣೆಯ ನಮ್ಮ ಮನೆಯ ತಾರಸಿ ಹಗಲೆಲ್ಲ ಕಾದು, ಸಂಜೆಯಾದ ಮೇಲೂ ಒಳಗಿನ ಕೋಣೆಗಳಿಗೆ ಶಾಖ ಇಳಿಸುತ್ತಿತ್ತು. ಫ್ಯಾನು ಹಾಕಿದರೆ ಬಿಸಿಗಾಳಿ, ಆರಿಸಿದರೆ ಬೆವರು. ಒಂದು ಭಾನುವಾರ ಮಧ್ಯಾಹ್ನ ಕರೆಂಟೂ ಹೋಗಿತ್ತು. ಅಮ್ಮ ಹಿತ್ತಲ ಬಾಗಿಲ ಮೆಟ್ಟಿಲ ಮೇಲೆ ಕೂತು, ಬಟ್ಟೆ ನೆನೆಹಾಕುವ ಪ್ಲಾಸ್ಟಿಕ್ ಟಬ್ಬಿಗೆ ನೀರು ತುಂಬಿಸಿ, ಅದರೊಳಗೆ ಎರಡೂ ಕಾಲಿಟ್ಟುಕೊಂಡು ಪೇಪರ್ ಓದುತ್ತಿದ್ದಳು. ಪುರವಣಿಯ ಒಂದು ಪುಟದ ತುಂಬ ಬೆಂಗಳೂರಿನ ಈಜುಕೊಳಗಳ ಬಣ್ಣದ ಚಿತ್ರಗಳು. ಬೇಸಿಗೆಯಲ್ಲಿ ಹೋಗಿ ಬರಬಹುದಾದ ಚೆಂದದ ಕೊಳಗಳಂತೆ. ಒಂದು ಎತ್ತರದ ಕಟ್ಟಡದ ನೆತ್ತಿಯ ಮೇಲೆ, ಇನ್ನೊಂದು ತೆಂಗಿನ ಮರಗಳ ನಡುವೆ, ಮತ್ತೊಂದರ ಅಂಚು ಹೋಗಿ ಆಕಾಶಕ್ಕೇ ಸೇರಿಕೊಂಡ ಹಾಗೆ.

"ಇಂಥವು ನಮ್ಮೂರಲ್ಲಿ ಇಲ್ವೇನೆ?" ಎಂದು ಕೇಳಿದಳು.

"ಇರಬಹುದು. ಯಾಕಮ್ಮ?"

"ನಂಗೊಂದ್ಸಲ ಈಜ್ಬೇಕು ಅನ್ನಿಸ್ತಿದೆ ಕಣೆ."

ನಾನು ನಕ್ಕೆ. ಅವಳು ನಗಲಿಲ್ಲ. ಪೇಪರನ್ನು ನಾಲ್ಕು ಮಡಿಕೆ ಮಾಡಿ ಪಕ್ಕದಲ್ಲಿಟ್ಟು, ಟಬ್ಬಿನ ನೀರೊಳಗೆ ಕಾಲ್ಬೆರಳುಗಳನ್ನು ಅಗಲಿಸಿ ಮುದುರಿಸಿ ನೋಡುತ್ತ ಕೂತಳು. ಎಪ್ಪತ್ತು ದಾಟಿದ ಹೆಂಗಸು. ಅಪ್ಪಾಜಿ ತೀರಿಕೊಂಡ ಮೇಲೆ ಇಂಥದು ಬೇಕು ಎಂದು ಬಾಯಿಬಿಟ್ಟು ಕೇಳಿದ್ದು ಅದೇ ಮೊದಲು. ತಿಂಡಿಗೆ ಏನು ಮಾಡಲಿ ಎಂದರೂ "ಏನೋ ಒಂದು ಮಾಡು" ಎನ್ನುತ್ತಿದ್ದವಳು.

ಅಮ್ಮನ ತವರು ಗಾಜನೂರಿನಿಂದ ಮೇಲಕ್ಕೆ ತುಂಗಾ ದಡದ ಒಂದು ಸಣ್ಣ ಊರು. ಅವಳಿಗೆ ಈಜು ಬರುತ್ತಿತ್ತಂತೆ ಎನ್ನುವುದು ನನಗೆ ಗೊತ್ತಿತ್ತು. ಆದರೆ ಅಜ್ಜನ ಮನೆಯಲ್ಲಿ ಎಮ್ಮೆಗಳಿದ್ದವಂತೆ ಎಂದು ಗೊತ್ತಿರುವ ಹಾಗೆ, ಅಷ್ಟೆ. ನನಗೆ ಬುದ್ಧಿ ಬಂದಾಗಿನಿಂದ ಅವಳ ಪಾದದ ಗಂಟಿಗಿಂತ ಮೇಲೆ ನೀರು ಬಂದದ್ದನ್ನು ನಾನು ಕಂಡಿರಲಿಲ್ಲ. ಕೂಡಲಿಗೆ ಹೋದರೂ, ತೀರ್ಥಹಳ್ಳಿಗೆ ಹೋದರೂ, ಎಲ್ಲರೂ ಹೊಳೆಯಲ್ಲಿ ಮುಳುಗು ಹಾಕುವಾಗ ಅವಳು ಮೇಲಿನ ಮೆಟ್ಟಿಲಲ್ಲೇ ಬಗ್ಗಿ, ಬೊಗಸೆಯಲ್ಲಿ ನೀರು ತೆಗೆದು ನೆತ್ತಿಗೆ ಚಿಮುಕಿಸಿಕೊಂಡು ಬಂದುಬಿಡುತ್ತಿದ್ದಳು. ಅಮ್ಮನಿಗೆ ನೀರೆಂದರೆ ಭಯ ಎಂದೇ ನಾವು ತಿಳಿದಿದ್ದೆವು.

ಒಂದು ನೆನಪು ಮಾತ್ರ ಆ ತಿಳಿವಳಿಕೆಗೆ ಹೊಂದುತ್ತಿರಲಿಲ್ಲ. ನಾನು ಹುಟ್ಟಿ ಬೆಳೆದದ್ದು ಭದ್ರಾವತಿಯಲ್ಲಿ. ಅಪ್ಪಾಜಿ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದರು. ನಮ್ಮ ಕ್ವಾರ್ಟರ್ಸಿನಿಂದ ಮಾರ್ಕೆಟ್ಟಿಗೆ ಹೋಗುವ ದಾರಿಯಲ್ಲಿ ಒಂದು ಕ್ಲಬ್ಬಿತ್ತು, ಅದರ ಹಿಂಭಾಗದಲ್ಲಿ ಈಜುಕೊಳ. ಸುತ್ತ ತಂತಿ ಬೇಲಿ, ಬೇಲಿಯುದ್ದಕ್ಕೂ ಮೇ ಫ್ಲವರ್ ಮರಗಳು. ಏಪ್ರಿಲ್ ಬಂತೆಂದರೆ ಮರದ ಕೆಂಪು, ಕೊಳದ ನೀಲಿ, ಎರಡೂ ಸೇರಿ ಆ ಜಾಗ ಬೇರೆ ಯಾವುದೋ ಊರಿನ ಹಾಗೆ ಕಾಣುತ್ತಿತ್ತು. ಒಳಗೆ ಕ್ಲಬ್ಬಿನ ಮೆಂಬರುಗಳ ಮಕ್ಕಳು ಈಜುತ್ತಿದ್ದರು. ಅಮ್ಮ ತರಕಾರಿ ಚೀಲ ನೆಲದ ಮೇಲಿಟ್ಟು, ಬೇಲಿಯ ತಂತಿಯೊಳಗೆ ಬೆರಳು ತೂರಿಸಿ ನಿಲ್ಲುತ್ತಿದ್ದಳು. ನಾನು ಮರದಡಿ ಬಿದ್ದ ಕತ್ತಿಕಾಯಿ ಹೆಕ್ಕಿಕೊಂಡು ಆಡುತ್ತಿದ್ದೆ. ಆಟ ಮುಗಿದರೂ ಅವಳು ಅಲ್ಲಿಂದ ಕದಲುತ್ತಿರಲಿಲ್ಲ. "ಆ ಹುಡುಗಿ ಕೈ ತಪ್ಪು ಹೊಡೀತಾಳೆ ನೋಡು. ನೀರನ್ನ ಹೊಡೀಬಾರದು, ಸರಿಸ್ಬೇಕು" ಎಂದು ತನ್ನಷ್ಟಕ್ಕೇ ಹೇಳಿಕೊಳ್ಳುತ್ತಿದ್ದಳು. ನಾನು ಸೆರಗು ಜಗ್ಗಿದರೆ, "ಇರು ಮಾರಾಯ್ತಿ, ಒಂದು ನಿಮಿಷ" ಎನ್ನುವಳು. ಸೊಪ್ಪು ಬಾಡುವಷ್ಟು ಹೊತ್ತಾಗುತ್ತಿತ್ತು ಆ ಒಂದು ನಿಮಿಷ.

ಹಾಗಾಗಿ ಆ ಭಾನುವಾರ ನಾನು ಹೆಚ್ಚು ಪ್ರಶ್ನೆ ಕೇಳಲಿಲ್ಲ. ಆಗಲಿ, ಹೋಗೋಣ ಎಂದೆ.

ಮೊದಲು ಡಾಕ್ಟರ ಹತ್ತಿರ ಹೋದೆವು. ಅವರು ಬಿ.ಪಿ. ನೋಡಿ, ಎದೆಗೆ ಸ್ಟೆತಾಸ್ಕೋಪ್ ಇಟ್ಟು ನೋಡಿ, ಮಂಡಿಗೆ ಒಳ್ಳೆಯದೇ, ಜೊತೆಗೆ ಯಾರಾದರೂ ಇರಲಿ ಎಂದರು. ಆಮೇಲೆ ಬಟ್ಟೆಯ ಪ್ರಶ್ನೆ ಬಂತು. ಸೀರೆಯಲ್ಲಿ ಈ ಕೊಳಗಳಿಗೆ ಬಿಡುವುದಿಲ್ಲ ಎಂದು ನಾನು ಹೇಳಿದಾಗ ಅಮ್ಮ ಮಂಕಾದಳು. "ಹಾಗಾದ್ರೆ ಬಿಡು. ಆ ಚಡ್ಡಿ ಗಿಡ್ಡಿ ನನ್ನ ಕೈಲಾಗಲ್ಲ." ಆದರೂ ನೋಡೋಣ ಎಂದು ಬಿ.ಎಚ್. ರಸ್ತೆಯ ಒಂದು ಸ್ಪೋರ್ಟ್ಸ್ ಅಂಗಡಿಗೆ ಕರೆದುಕೊಂಡು ಹೋದೆ. ಅಂಗಡಿಯ ಯಜಮಾನರು ಗಡ್ಡದ ಸಾಬರು. ನಾನು ತಡವರಿಸಿಕೊಂಡು ಹೇಳುತ್ತಿದ್ದುದನ್ನು ಪೂರ್ತಿ ಕೇಳಿಸಿಕೊಂಡು ಅಮ್ಮನ ಕಡೆ ತಿರುಗಿದರು.

"ಅಮ್ಮಾ, ನಮ್ಮ ಹೆಣ್ಮಕ್ಕಳು ಹಾಕ್ಕೊಳ್ಳೋ ಥರದ್ದು ಇದೆ. ಕೈ, ಕಾಲು, ಕುತ್ತಿಗೆ ಎಲ್ಲಾ ಮುಚ್ತದೆ. ಮೇಲೊಂದು ಕುರ್ತಾ ಥರ ಬರ್ತದೆ. ನಾಚ್ಕೊಳ್ಳೋದು ಏನೂ ಬೇಡ."

ಒಳಗಿನಿಂದ ತಮ್ಮ ಹೆಂಡತಿಯನ್ನು ಕರೆದರು. ಆಕೆ ಅಮ್ಮನನ್ನು ಪರದೆಯ ಹಿಂದೆ ಕರೆದುಕೊಂಡು ಹೋಗಿ, ಕಡುನೀಲಿ ನೈಲಾನಿನ ಆ ಉಡುಪು ತೊಡಿಸಿ ಹೊರಗೆ ತಂದು ಕನ್ನಡಿಯ ಮುಂದೆ ನಿಲ್ಲಿಸಿದರು. ಅಮ್ಮ ಕನ್ನಡಿ ನೋಡಿಕೊಂಡು ಬಾಯಿಗೆ ಕೈ ಅಡ್ಡ ಹಿಡಿದಳು. ಕೊರಳಿನ ಇಷ್ಟಲಿಂಗದ ಬೆಳ್ಳಿ ಕರಡಿಗೆ ಬಟ್ಟೆಯೊಳಗಿನಿಂದ ಉಬ್ಬಿ ಕಾಣುತ್ತಿತ್ತು. ಅದನ್ನು ಮುಟ್ಟಿ ನೋಡಿ, "ಲಿಂಗ ತೆಗಿಯಕ್ಕಾಗಲ್ಲ, ಹಿಂಗೇ ಇರ್ತದೆ" ಎಂದಳು.

"ಇರ್ಲಿ ಅಮ್ಮಾ, ಒಳಗಿದ್ರೆ ಯಾರಿಗೂ ತೊಂದ್ರೆ ಇಲ್ಲ" ಎಂದ ಆಕೆ, ತೋಳಿನ ಸುಕ್ಕು ಎಳೆದು ಸರಿಮಾಡುತ್ತ, "ನಾನು ಇವನ್ನ ಬರೀ ಮಾರ್ತೀನಿ. ಒಂದ್ಸಲನೂ ಹಾಕ್ಕೊಂಡು ನೀರಿಗಿಳಿದಿಲ್ಲ" ಎಂದರು.

"ಬಾರೇ ಹಂಗಾದ್ರೆ ನನ್ನ ಜೊತೆ" ಎಂದಳು ಅಮ್ಮ.

ಆಕೆ ನಕ್ಕು, ಅಂಗಡಿಯನ್ನೊಮ್ಮೆ, ಗಂಡನನ್ನೊಮ್ಮೆ ನೋಡಿ, "ನೋಡೋಣ ಅಮ್ಮಾ" ಎಂದರು. ನಾವು ಹೊರಡುವಾಗ ಬಾಗಿಲ ತನಕ ಬಂದು ನಿಂತಿದ್ದರು.

ಊರಿನ ಈಜುಕೊಳಕ್ಕೆ ಹೋದದ್ದು ಹೆಂಗಸರಿಗೆ ಮೀಸಲಾದ ಹೊತ್ತಿನಲ್ಲಿ. ಬೇಸಿಗೆ ರಜೆ. ಕೊಳದ ತುಂಬ ಮಕ್ಕಳು, ಮಕ್ಕಳ ತಾಯಂದಿರು, ಸೀಟಿಯ ಸದ್ದು, ಚಪಚಪ ಕಾಲು ಬಡಿತ. ಕಲಿಸುವ ಹುಡುಗಿ ಅಮ್ಮನನ್ನು ಕಂಡವಳೇ ಕಿತ್ತಳೆ ಬಣ್ಣದ ಒಂದು ಟ್ಯೂಬು ಹಿಡಿದುಕೊಂಡು ಬಂದಳು. "ಅಜ್ಜಿ, ಇದನ್ನ ಹಾಕ್ಕೊಂಡು ಆ ಮೂಲೇಲಿ ನಿಂತ್ಕೊಳ್ಳಿ. ಮುಂದಕ್ಕೆ ಹೋಗ್ಬೇಡಿ."

ಅಮ್ಮ ಟ್ಯೂಬು ನೋಡಿದಳು, ಮೂಲೆ ನೋಡಿದಳು. "ನಾಳೆ ಬರ್ತೀವಿ ಮಗಾ" ಎಂದು ಹೇಳಿ ತಿರುಗಿ ನಡೆದೇಬಿಟ್ಟಳು. ಆಟೋದಲ್ಲಿ ಕೂತ ಮೇಲೆ ಸಿಟ್ಟು ಹೊರಗೆ ಬಂತು. "ಟ್ಯೂಬಂತೆ ಟ್ಯೂಬು! ಎಮ್ಮೆ ಕರೂಗೆ ಕಟ್ಟಿದಂಗೆ." ಆಟೋ ಓಡಿಸುವವನೂ ನಕ್ಕ.

ಎರಡನೆಯದು ಒಂದು ಹೋಟೆಲಿನ ತಾರಸಿಯ ಮೇಲಿನ ಕೊಳ. ಅಲ್ಲಿ ಊಟ ಮಾಡುವವರಿಗೆ ನೀರಿಗಿಳಿಯಲು ಬಿಡುತ್ತಿದ್ದರು. ಲಿಫ್ಟಿನಿಂದ ಹೊರಗೆ ಕಾಲಿಟ್ಟರೆ ನಮ್ಮದೇ ಶಿವಮೊಗ್ಗ ಗುರುತು ಸಿಗದಂತೆ ಕೆಳಗೆ ಹರಡಿಕೊಂಡಿತ್ತು. ಹೆಂಚಿನ ಮಾಡುಗಳು, ನೀರಿನ ಸಿಂಟೆಕ್ಸುಗಳು, ಮಸೀದಿಯ ಮಿನಾರು, ಮರಗಳ ನಡುವೆ ತುಂಗೆಯ ಒಂದು ತುಂಡು, ಅದರಾಚೆ ಪಶ್ಚಿಮಕ್ಕೆ ಮಸುಕು ಗುಡ್ಡಗಳ ಸಾಲು. ಪೇಪರಿನ ಚಿತ್ರದಲ್ಲಿದ್ದಂತೆಯೇ ಗಾಜಿನ ಕಟ್ಟೆ, ಅದಕ್ಕೆ ಅಂಟಿಕೊಂಡು ನೀಲಿ ನೀರು. ಹುಡುಗ ಹುಡುಗಿಯರು ಸೊಂಟದ ನೀರಿನಲ್ಲಿ ನಿಂತು ಫೋಟೋ ತೆಗೆದುಕೊಳ್ಳುತ್ತಿದ್ದರು. ಈಜುವವರು ಒಬ್ಬರೂ ಇರಲಿಲ್ಲ. ಅಮ್ಮ ಮೆಟ್ಟಿಲಿಳಿದು, ನೀರಿಗೆ ಎದೆಯೊಡ್ಡಿ, ಒಂದು ಸಲ ಕೈ ಚಾಚಿದಳು, ಎರಡನೆಯ ಸಲ ಚಾಚುವಷ್ಟರಲ್ಲಿ ಎದುರಿನ ಗೋಡೆ ಸಿಕ್ಕಿತು. ತಿರುಗಿದರೆ ಈಚೆ ಗೋಡೆ. ಎದ್ದು ನಿಂತು ನಗತೊಡಗಿದಳು.

"ಇದೊಂದು ದೊಡ್ಡ ಹಂಡೆ ಕಣೆ. ಸ್ನಾನಕ್ಕೆ ಸರಿ."

ಆದರೂ ಅಲ್ಲಿಂದ ಬೇಗ ಏಳಲಿಲ್ಲ. ಗಾಜಿನ ಕಟ್ಟೆಗೆ ಮೊಣಕೈ ಊರಿ, ಮರಗಳ ನಡುವೆ ಹೊಳೆಯುತ್ತಿದ್ದ ಆ ತುಂಡು ನೀರನ್ನೇ ನೋಡುತ್ತಿದ್ದಳು. ಬಿಸಿಲು ಇಳಿದು, ನೀರು ತಾಮ್ರದ ಬಣ್ಣಕ್ಕೆ ತಿರುಗಿ, ಕೊನೆಗೆ ಬೇರೆ ಕಟ್ಟಡಗಳ ಹಿಂದೆ ಮಸುಕಾಗುವ ತನಕ ನೋಡಿದಳು. "ಹೊಳೆ ಅಲ್ಲಿದೆ. ನಾವು ಇಲ್ಲಿದೀವಿ" ಎಂದಳು. ಅದನ್ನು ದುಃಖದಿಂದ ಹೇಳಲಿಲ್ಲ. ದಾರಿ ಹೇಳುವವರ ಹಾಗೆ ಹೇಳಿದಳು.

ಅದಾದ ಮುಂದಿನ ವಾರ ಭದ್ರಾವತಿಯಲ್ಲಿ ನೆಂಟರ ಮದುವೆ. ಊಟ ಮುಗಿಸಿ ಬಸ್‌ಸ್ಟ್ಯಾಂಡಿಗೆಂದು ಆಟೋ ಹತ್ತಿದವಳು, "ಹಳೇ ಕ್ಲಬ್ ಕಡೆ ಹೋಗಿ ಹೋಗೋಣ" ಎಂದಳು. ನಾನು ಮದುವೆಯಾಗಿ ಹೋದ ಮೇಲೆ ಆ ರಸ್ತೆಯಲ್ಲಿ ಕಾಲಿಟ್ಟಿರಲಿಲ್ಲ. ಬೇಲಿ ಹಾಗೇ ಇತ್ತು, ಅಲ್ಲಲ್ಲಿ ತುಕ್ಕು. ಮೇ ಫ್ಲವರ್ ಮರಗಳು ದಪ್ಪವಾಗಿದ್ದವು. ಕೊಳದಲ್ಲಿ ನೀರಿರಲಿಲ್ಲ. ಯಾವಾಗಲೋ ಬರಿದು ಮಾಡಿ ಬಿಟ್ಟಿದ್ದರು. ನೀಲಿ ಬಿಲ್ಲೆಗಳ ನೆಲದ ಮೇಲೆ ಉದುರಿದ ಕೆಂಪು ಹೂವು ಗಾಳಿ ಬೀಸಿದಾಗ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಸರಿಯುತ್ತಿತ್ತು.

ಅಮ್ಮ ತಂತಿಯೊಳಗೆ ಬೆರಳು ತೂರಿಸಿ ನಿಂತಳು. ಮದುವೆಯ ರೇಷ್ಮೆಸೀರೆ, ಕೈಯಲ್ಲಿ ತಾಂಬೂಲದ ಚೀಲ. ಆಗ ಹೇಳಿದಳು.

"ನಾನು ಮದುವೆಯಾಗಿ ಇಲ್ಲಿಗೆ ಬಂದ ವರ್ಷ, ನಿಮ್ಮಪ್ಪಾಜಿ ಜೊತೆ ಕೆಲಸ ಮಾಡೋರೊಬ್ರು ಭದ್ರಾ ಹೊಳೇಲಿ ಹೋಗ್ಬಿಟ್ರು. ರಜಾ ಅಂತ ಎಲ್ಲಾ ಸೇರಿ ಹೋಗಿದ್ರಂತೆ. ಚೆನ್ನಾಗಿ ಈಜು ಬರೋ ಮನುಷ್ಯ. ಇವರೇ ನೀರಿಂದ ಎತ್ತಿದ್ದು. ಎರಡು ದಿನ ಕೆಲಸಕ್ಕೂ ಹೋಗ್ಲಿಲ್ಲ. ಆಮೇಲೆ ಒಂದು ಬೆಳಿಗ್ಗೆ, ನೀನು ಇನ್ಮೇಲೆ ನೀರಿಗೆ ಇಳಿಬಾರ್ದು, ನಂಗೆ ಮಾತು ಕೊಡು ಅಂದ್ರು. ಲಿಂಗ ಮುಟ್ಟಿ ಕೊಟ್ಟೆ."

"ಯಾಕೆ ಕೊಟ್ಟೆ? ಆಗಲ್ಲ ಅನ್ಬೇಕಿತ್ತು."

"ಹೆಂಗೆ ಅಂತೀಯ? ಕೈ ನಡುಗ್ತಿತ್ತು ಅವರಿಗೆ."

ಆಟೋದವನು ಒಮ್ಮೆ ಹಾರ್ನ್ ಮಾಡಿ ಸುಮ್ಮನಾದ. ಅಪ್ಪಾಜಿಯ ಕೈ ನಡುಗುವುದನ್ನು ನಾನು ಕಲ್ಪಿಸಿಕೊಳ್ಳಲು ನೋಡಿದೆ. ಆಗಲಿಲ್ಲ. ನನಗೆ ಗೊತ್ತಿದ್ದ ಅವರ ಕೈ ಸೈಕಲ್ಲಿನ ಹ್ಯಾಂಡಲ್ ಮೇಲೆ ಗಟ್ಟಿಯಾಗಿರುತ್ತಿದ್ದ ಕೈ.

"ಅವರು ನೀನು ಈಜೋದು ನೋಡಿದ್ರಾ?" ಎಂದು ಕೇಳಿದೆ.

"ಒಂದೇ ಸಲ. ಮದುವೆ ಆದ್ಮೇಲೆ ತವರಿಗೆ ಬಂದಾಗ. ಚಪ್ಪಲಿ ಕೈಲಿ ಹಿಡ್ಕೊಂಡು ದಡದಲ್ಲಿ ನಿಂತಿದ್ರು. ಬಾ, ಸಾಕು ಬಾ ಅಂತ ಕೂಗ್ತಾನೇ ಇದ್ರು."

"ನೀನು ಬಂದ್ಯಾ?"

"ಆಚೆ ದಡ ಮುಟ್ಟಿ ಬಂದೆ." ಅವಳ ಮುಖದಲ್ಲಿ ನಾನು ಯಾವತ್ತೂ ನೋಡದ ಒಂದು ತುಂಟತನ ಹಾದುಹೋಯಿತು. ಆಮೇಲೆ ಬೇಲಿಯಿಂದ ಬೆರಳು ಬಿಡಿಸಿಕೊಳ್ಳುತ್ತ ಕೇಳಿದಳು. "ಅವರು ಹೋದ್ರು. ಮಾತೂ ಅವರ ಜೊತೇನೇ ಹೋಯ್ತು ಅಂತ ಅಂದ್ಕೊಂಡಿದೀನಿ. ತಪ್ಪಾ?"

"ತಪ್ಪಲ್ಲಮ್ಮ. ನಿನ್ನ ಕಳ್ಕೊಂಡ್ಬಿಡ್ತೀನಿ ಅಂತ ಹೆದರಿ ಕೇಳಿದ ಮಾತು ಅದು. ಈಗ ಹೆದರೋಕೆ ಅವರಿಲ್ಲ."

"ನೀನಿದೀಯಲ್ಲ" ಎಂದಳು ಅಮ್ಮ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ನಿದ್ದೆ ಹೋದಳು. ನನಗೆ ನಿದ್ದೆ ಬರಲಿಲ್ಲ.

ಗಾಜನೂರಿನಾಚೆ, ಹಿನ್ನೀರಿನ ಮೇಲಿನ ಗುಡ್ಡದಲ್ಲಿ ಒಂದು ರೆಸಾರ್ಟಿದೆಯೆಂದು ಹೇಳಿದ್ದು ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ ನನ್ನ ಜೊತೆ ಕೆಲಸ ಮಾಡುವ ಗೆಳತಿ. ದಿನಾ ಒಂದೇ ಬಸ್ಸಿನಲ್ಲಿ ಹೋಗಿ ಬರುವವರು ನಾವು, ನನ್ನ ಈಜುಕೊಳದ ಪುರಾಣವೆಲ್ಲ ಅವಳಿಗೆ ಗೊತ್ತಿತ್ತು. "ವಾರದ ಮಧ್ಯೆ ಬೆಳಿಗ್ಗೆ ಹೋದ್ರೆ ಅಲ್ಲಿ ಯಾರೂ ಇರಲ್ಲ ಮಾರಾಯ್ತಿ. ಕೊಳ ಉದ್ದ ಇದೆ" ಎಂದಳು. ಒಂದು ದಿನ ರಜೆ ಹಾಕಿದೆ. ನಮ್ಮ ಮನೆಯವರು ಕಾರಿನಲ್ಲಿ ಕರೆದುಕೊಂಡು ಹೋದರು. ಅಳಿಯನ ಎದುರು ಆ ಬಟ್ಟೆಯಲ್ಲಿ ನಿಲ್ಲುವುದು ಹೇಗೆಂದು ಅಮ್ಮ ದಾರಿಯುದ್ದಕ್ಕೂ ಚಡಪಡಿಸುತ್ತಿದ್ದುದನ್ನು ಕಂಡು, ಅವರೇ "ನಾನು ಕಾಫಿ ಕುಡೀತಾ ಊಟದ ಹಾಲಲ್ಲಿ ಕೂತಿರ್ತೀನಿ ಅತ್ತೆ, ಆ ಕಡೆ ತಲೇನೂ ಹಾಕಲ್ಲ" ಎಂದು ಮಾತು ಕೊಟ್ಟರು.

ಕೊಳ ಗುಡ್ಡದ ಅಂಚಿನಲ್ಲಿತ್ತು. ಎರಡು ಕಡೆ ಹಸಿರು ಹುಲ್ಲು, ಒಂದು ಕಡೆ ನೆರಳಿಗೆ ನೇರಳೆಮರ, ನಾಲ್ಕನೆಯ ಕಡೆ ಏನೂ ಇಲ್ಲ. ಆ ಅಂಚಿನ ಕೆಳಗೆ ಗುಡ್ಡ ಇಳಿದು ಹೋಗಿ ತುಂಗೆಯ ಹಿನ್ನೀರು ಅಗಲವಾಗಿ ಮಲಗಿತ್ತು. ಬೇಸಿಗೆಯಾದ್ದರಿಂದ ನೀರು ತಗ್ಗಿ, ದಡದಲ್ಲಿ ಕೆಮ್ಮಣ್ಣಿನ ಪಟ್ಟಿ ಎದ್ದಿತ್ತು. ನಡುವೆ ಅಲ್ಲಲ್ಲಿ ಒಣಮರಗಳ ತಲೆಗಳು. ದೂರದಲ್ಲಿ ಸಕ್ರೆಬೈಲಿನ ಆನೆಗಳನ್ನು ಮೈತೊಳೆಯಲು ನೀರಿಗಿಳಿಸಿದ್ದರು, ಬೆಣಚುಕಲ್ಲುಗಳಷ್ಟು ಸಣ್ಣಗೆ ಕಾಣುತ್ತಿದ್ದವು.

"ಆನೆಗಾದ್ರೂ ದಿನಾ ಹೊಳೆ ಇದೆ ನೋಡು" ಎಂದಳು ಅಮ್ಮ.

ಬಟ್ಟೆ ಬದಲಿಸಿಕೊಂಡು ಬಂದಳು. ಮೆಟ್ಟಿಲ ಹತ್ತಿರ ನಿಂತು, ಎದೆಯ ಮೇಲಿನ ಕರಡಿಗೆಯನ್ನು ಬಟ್ಟೆಯ ಮೇಲಿಂದಲೇ ಮುಷ್ಟಿಯಲ್ಲಿ ಹಿಡಿದು ಕಣ್ಣು ಮುಚ್ಚಿದಳು. ಏನು ಹೇಳಿಕೊಂಡಳೋ, ಯಾರಿಗೆ ಹೇಳಿಕೊಂಡಳೋ ನಾನು ಕೇಳಲಿಲ್ಲ. ತಡೆಯುವವರು ಯಾರೂ ಇಲ್ಲದ್ದರಿಂದ ನಾನೂ ಚೂಡಿದಾರದಲ್ಲೇ ಮೊದಲ ಮೆಟ್ಟಿಲು, ಎರಡನೆಯ ಮೆಟ್ಟಿಲು ಎಂದು ಇಳಿದು, ಸೊಂಟದ ನೀರಿನಲ್ಲಿ ಕಂಬಿ ಹಿಡಿದು ನಿಂತೆ. ಜಾರಿದರೆ ಹಿಡಿಯಬೇಕು ಎನ್ನುವುದು ನನ್ನ ಲೆಕ್ಕ. ಅಮ್ಮ ನನ್ನ ಪಕ್ಕದಲ್ಲೇ ಒಮ್ಮೆ ಪೂರ್ತಿ ಮುಳುಗಿದಳು. ತಲೆ ಎತ್ತಿ ಮುಖದ ನೀರು ಕೊಡವಿಕೊಂಡಳು. ಆಮೇಲೆ ನೆಲವನ್ನು ಕಾಲಿನಿಂದ ಒದ್ದು ಹೊರಟುಹೋದಳು.

ಹೊರಟುಹೋದಳು ಎನ್ನುವುದೇ ಸರಿಯಾದ ಮಾತು. ಸ್ವಲ್ಪ ಒಂದು ಮಗ್ಗುಲಿಗೆ ವಾಲಿಕೊಂಡು, ಗದ್ದ ನೀರಿನ ಮೇಲಿಟ್ಟು, ಒಂದು ಕೈ ಉದ್ದಕ್ಕೆ ಮುಂದೆ ಚಾಚಿ, ಇನ್ನೊಂದರಿಂದ ನೀರನ್ನು ಹಿಂದಕ್ಕೆ ಸರಿಸುತ್ತ. ಟಿ.ವಿ.ಯಲ್ಲಿ ಕಾಣುವ ಈಜಲ್ಲ ಅದು. ಸದ್ದಿರಲಿಲ್ಲ, ತುಂತುರಿರಲಿಲ್ಲ. ನೆಲದ ಮೇಲೆ ಮಂಡಿ ಹಿಡಿದುಕೊಂಡು, ಗೋಡೆ ಮುಟ್ಟಿಕೊಂಡು ನಡೆಯುವ ಹೆಂಗಸು ನೀರಿನಲ್ಲಿ ಯಾರ ಆಸರೆಯೂ ಇಲ್ಲದೆ ಹೋಗುತ್ತಿದ್ದಳು. ಐವತ್ತು ಚಿಲ್ಲರೆ ವರ್ಷ ಮೈಯೊಳಗೆ ಅದನ್ನು ಎಲ್ಲಿಟ್ಟುಕೊಂಡಿದ್ದಳು? ನಮಗೆ ಅನ್ನ ಬಡಿಸುವಾಗ, ಅಪ್ಪಾಜಿಯ ಶಿಫ್ಟಿಗೆ ಡಬ್ಬಿ ಕಟ್ಟುವಾಗ, ನನ್ನ ಬಾಣಂತನ ಮಾಡುವಾಗ, ಅದು ಅವಳ ತೋಳಿನಲ್ಲಿ, ತೊಡೆಯಲ್ಲಿ ಸುಮ್ಮನೆ ಕಾಯುತ್ತಿತ್ತೆ?

ಕೊಳದ ನಡು ದಾಟಿದಾಗ ನನಗೆ ಭಯ ಹತ್ತಿತು. "ಅಮ್ಮಾ, ಸಾಕು ಬಾ" ಎಂದು ಕೂಗಿದೆ. ತಿರುಗಲಿಲ್ಲ. ಇನ್ನೊಮ್ಮೆ ಕೂಗಿದೆ. ಅವಳಿಗೆ ಕೇಳಿಸಿತು ಎಂದು ಈಗಲೂ ನನಗೆ ಖಾತ್ರಿಯಿದೆ. ಆಚೆಯ ಅಂಚು ಮುಟ್ಟಿ, ಎರಡೂ ತೋಳು ಕಟ್ಟೆಯ ಮೇಲಿಟ್ಟು, ನನಗೆ ಬೆನ್ನು ಮಾಡಿಕೊಂಡು ಹಿನ್ನೀರನ್ನು ನೋಡುತ್ತ ನಿಂತಳು.

ನನ್ನ ಮತ್ತು ಅವಳ ನಡುವೆ ಅಷ್ಟೂ ನೀರಿತ್ತು, ಮತ್ತು ನನಗೆ ಈಜು ಬರುತ್ತಿರಲಿಲ್ಲ. ಮೇಲೆ ಹತ್ತಿ, ಬಟ್ಟೆಯಿಂದ ನೀರು ಸುರಿಸಿಕೊಳ್ಳುತ್ತ, ಹುಲ್ಲಿನ ಮೇಲೆ ಸುತ್ತು ಹಾಕಿ ಅವಳಿದ್ದ ಕಡೆ ಹೋಗಿ ಕುಕ್ಕರುಗಾಲಲ್ಲಿ ಕೂತೆ.

"ಆ ಒಣಮರ ಕಾಣ್ತದಲ್ಲ, ಕೊಂಬೆ ಎರಡಾಗಿರೋದು?" ಎಂದಳು, ಈಚೆ ತಿರುಗದೆ. "ಅದರ ಎಡಕ್ಕೆ ನಮ್ಮ ಹೊಳೆ ಮೆಟ್ಟಿಲು. ಗಾಜನೂರಿನ ಹೊಸ ಅಣೆಕಟ್ಟು ಎದ್ದಾಗ ನೀರೊಳಗೆ ಹೋಯ್ತು. ಬಟ್ಟೆ ಒಗೆಯೋ ಕಲ್ಲು ಇತ್ತು, ನನ್ನಷ್ಟು ಎತ್ತರದ್ದು. ಅದರ ಮೇಲಿಂದ ಹಾರ್ತಿದ್ವಿ. ನಮ್ಮಮ್ಮ ದೊಣ್ಣೆ ತಗೊಂಡು ಬರೋಳು."

"ಅಲ್ಲಿಗೆ ಹೋಗ್ಬೇಕು ಅನ್ಸುತ್ತಾ?"

"ಅದು ಈಗ ಹರಿಯೋ ನೀರಲ್ಲ. ಹೊಳೇಲಿ ಈಜಿದ್ರೆ ಹೊಳೆ ನಿನ್ನ ಎಳೀತಿರ್ತದೆ, ನೀನು ಅದಕ್ಕೆ ಅಡ್ಡ ಹೋಗ್ತಿರ್ಬೇಕು. ಆ ಎಳೆತ ಇಲ್ಲಿಲ್ಲ. ಅಲ್ಲೂ ಇಲ್ಲ. ಅದೊಂದು ಇನ್ನು ಸಿಗಲ್ಲ, ಬಿಡು." ಆಮೇಲೆ ಕಟ್ಟೆ ಬಿಟ್ಟು ಹಿಂದಕ್ಕೆ ವಾಲಿ, ಅಂಗಾತ ತೇಲಿದಳು. ಕೈ ಅಗಲಿಸಿ, ಕಿವಿ ನೀರೊಳಗೆ ಬಿಟ್ಟು, ಕಣ್ಣು ತೆರೆದೇ. ನೇರಳೆಮರದಿಂದ ಒಂದು ಹಣ್ಣೆಲೆ ಬಂದು ಅವಳ ಹೊಟ್ಟೆಯ ಮೇಲೆ ಕೂತಿತು. ಅವಳು ಅದನ್ನು ತೆಗೆಯಲಿಲ್ಲ.

ನಾನು ಅಲ್ಲೇ ಕೂತಿದ್ದೆ. ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ನನ್ನ ಅಮ್ಮ ಇದ್ದಳು, ಆದರೆ ಅವಳಿದ್ದ ಕಡೆಗೆ ನನಗೆ ದಾರಿ ಇರಲಿಲ್ಲ. ನಾನು ಹುಟ್ಟುವುದಕ್ಕೂ ಮೊದಲಿನ ಒಬ್ಬ ಹುಡುಗಿ ಅಲ್ಲಿ ಮಲಗಿದ್ದಳು. ಅವಳ ಪರಿಚಯ ನನಗೆ ಇನ್ನೂ ಮುಂಚೆ ಆಗಬೇಕಿತ್ತು ಎಂದು ಅನ್ನಿಸಿತು.

ನೀರಿನಿಂದ ಎದ್ದವಳು ಮೊದಲು ಆಡಿದ ಮಾತು "ಹಸಿವಾಗ್ತಿದೆ." ಊಟದ ಹಾಲಿನಲ್ಲಿ ಅಕ್ಕಿರೊಟ್ಟಿ, ಕಾಯಿಚಟ್ನಿ. ಅಪ್ಪಾಜಿ ಹೋದ ಮೇಲೆ ಅವಳು ಅಷ್ಟು ರುಚಿಯಾಗಿ ಉಂಡದ್ದನ್ನು ನಾನು ನೋಡಿರಲಿಲ್ಲ. ನಮ್ಮ ಮನೆಯವರು ತಮ್ಮ ತಟ್ಟೆಯ ರೊಟ್ಟಿಯನ್ನೂ ಮುರಿದು ಅವಳ ಕಡೆ ಸರಿಸಿದರು. ಬೇಡ ಎನ್ನದೆ ತಿಂದಳು.

ಮಳೆ ಹಿಡಿಯುವ ತನಕ ಮತ್ತೆ ಕೆಲವು ಸಲ ಹೋದೆವು. ಪ್ರತಿ ಸಲವೂ ನಾನು ಕಂಬಿ ಹಿಡಿದು ನಿಲ್ಲುವುದು, ಅವಳು ಹೋಗುವುದು. "ನೀನೂ ಕಲಿಯೇ" ಎಂದಳು ಒಮ್ಮೆ. "ಈ ವಯಸ್ಸಲ್ಲಾ?" ಎಂದು ನಾನು ಅಂದದ್ದಕ್ಕೆ, ನನ್ನನ್ನು ತಲೆಯಿಂದ ಕಾಲಿನ ತನಕ ಒಮ್ಮೆ ನೋಡಿ, ಮತ್ತೆ ಹೊರಟುಹೋದಳು.

ಮಳೆಗಾಲದಲ್ಲಿ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದಳು. ಸೊಂಟದ ಮೂಳೆ ಮುರಿದು ಆಪರೇಷನ್ ಆಯಿತು. ಈಗ ವಾಕರ್ ಹಿಡಿದು ಮನೆಯೊಳಗೆ ಓಡಾಡುತ್ತಾಳೆ. ಹಿತ್ತಲ ತನಕ ಹೋಗಿ ಕರಿಬೇವು ಕಿತ್ತುಕೊಂಡು ಬರುತ್ತಾಳೆ. ಒದ್ದೆ ನೆಲ, ಮೆಟ್ಟಿಲು, ಈಜುಕೊಳ ಎಲ್ಲವೂ ಬೇಡ ಎಂದಿದ್ದಾರೆ ಡಾಕ್ಟರು. ಅವರು ಹಾಗೆಂದಾಗ ಅಮ್ಮ ತಲೆಯಾಡಿಸಿದಳು. "ಒಂದು ಬೇಸಿಗೆ ಸಿಕ್ತಲ್ಲ" ಎಂದಳು.

ಅವಳಿಗೆ ಅದು ಸಾಕಾಯಿತೋ ಏನೋ. ನನಗೆ ಸಾಕಾಗಲಿಲ್ಲ. ಚಳಿ ಕಳೆಯುತ್ತಲೇ ಊರಿನ ಕೊಳದಲ್ಲಿ ಹೆಂಗಸರ ಬ್ಯಾಚಿಗೆ ಸೇರಿದೆ. ಅಮ್ಮನಿಗೆ ಟ್ಯೂಬು ತಂದಿದ್ದ ಹುಡುಗಿಯೇ ನನಗೂ ಕಲಿಸುವವಳು. ಮೂಗಿಗೆ ನೀರು ಹೋಯಿತು, ಕಿವಿ ನೋವು ಬಂತು, ನನ್ನ ಮಗಳ ವಯಸ್ಸಿನವರು ನನ್ನನ್ನು ದಾಟಿ ಹೋದರು. ನಿಧಾನಕ್ಕೆ ಕೊಳದ ಅಗಲ ದಾಟಿದೆ, ಆಮೇಲೆ ಉದ್ದ. ಆದರೆ ಅಂಗಾತ ತೇಲುವುದು ಮಾತ್ರ ಆಗುತ್ತಿರಲಿಲ್ಲ. ಬೆನ್ನು ಕೊಟ್ಟ ಕೂಡಲೇ ಕಾಲು ಮುಳುಗಿ, ಕೈ ಒದ್ದಾಡಿ, ಎದ್ದು ನಿಂತುಬಿಡುತ್ತಿದ್ದೆ.

ಒಂದು ಸಂಜೆ ಅಮ್ಮನಿಗೆ ಹೇಳಿದೆ. ಅವಳು ಮಂಚದ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಮೊರ ಪಕ್ಕಕ್ಕೆ ಸರಿಸಿ, "ಬಾ ಇಲ್ಲಿ" ಎಂದು ಮೆಲ್ಲಗೆ ಅಂಗಾತ ಮಲಗಿದಳು. "ನೋಡು. ನೀನು ತಲೆ ಎತ್ತಿ ಕಾಲು ನೋಡ್ಕೊಳ್ತಿರ್ತೀಯ. ನಂಬಿಕೆ ಇಲ್ಲದೋರು ಹಂಗೇ ಮಾಡೋದು. ಗದ್ದ ಮೇಲಕ್ಕೆ. ಕಿವಿ ನೀರೊಳಗೆ ಹೋಗ್ಲಿ, ಹೆದರ್ಬೇಡ. ಎದೆ ತುಂಬ ಉಸಿರು ತಗೋ. ಕೈ ಹಿಂಗೆ." ಎರಡೂ ಕೈ ಹಾಸಿಗೆಯ ಮೇಲೆ ಅಗಲಿಸಿದಳು. ಬೆಳ್ಳುಳ್ಳಿಯ ಸಿಪ್ಪೆ ಬೆರಳಿಗೆ ಅಂಟಿತ್ತು. "ಆಮೇಲೆ ಏನೂ ಮಾಡ್ಬೇಡ. ಅದೇ ಕಷ್ಟ."

ನಾನೂ ಅವಳ ಪಕ್ಕ ಮಂಚದ ಮೇಲೆ ಮಲಗಿ, ಗದ್ದ ಎತ್ತಿ, ಕೈ ಅಗಲಿಸಿದೆ. ಮೇಲೆ ಫ್ಯಾನು ತಿರುಗುತ್ತಿತ್ತು. ಅವಳ ಒಂದು ಕೈ ನನ್ನ ಕೈಯ ಮೇಲೆ ಬಂದಿತ್ತು, ಜಾಗ ಸಾಲದೆ. ಅವಳಿಗೆ ನೀರಿಗಿಳಿಯುವ ಹಾಗಿದ್ದಾಗ ನನಗೆ ಈಜು ಬರುತ್ತಿರಲಿಲ್ಲ. ನನಗೆ ಬರುವ ಹೊತ್ತಿಗೆ ಅವಳು ಇಳಿಯುವಂತಿಲ್ಲ. ಆ ಗುಡ್ಡದ ಮೇಲಿನ ಕೊಳದಲ್ಲಿ ಒಂದೇ ಒಂದು ಸಲ, ಅವಳ ಪಕ್ಕದಲ್ಲಿ, ಅವಳಷ್ಟೇ ನಿಧಾನವಾಗಿ ಆಚೆಯ ಅಂಚಿನ ತನಕ ಹೋಗಿದ್ದರೆ ಎಂದು ಈಗಲೂ ಅನ್ನಿಸುತ್ತದೆ. ಈ ಬೇಸಿಗೆ ಬಂದ ಮೇಲಂತೂ ಹೆಚ್ಚು ಅನ್ನಿಸುತ್ತಿದೆ.

ಮರುದಿನ ಕೊಳದಲ್ಲಿ ಅವಳು ಹೇಳಿದ ಹಾಗೆ ಮಾಡಿದೆ. ಕಾಲು ಮೇಲೆ ಬಂತು. ನಾಲ್ಕಾರು ಉಸಿರಿನಷ್ಟು ಹೊತ್ತು ನೀರು ನನ್ನನ್ನು ಹೊತ್ತುಕೊಂಡಿತ್ತು. ಮೇಲೆ ಬಿಳಿ ಆಕಾಶ, ಯಾರ ಗದ್ದಲವೂ ಇಲ್ಲ. ಮನೆಗೆ ಬಂದು ಹೇಳಿದಾಗ ಅಮ್ಮನ ಮುಖ ಅರಳಿತು.

"ಕಿವಿ ಒಳಗೆ ಹೋದಾಗ ಏನು ಕೇಳಿಸ್ತು?"

"ಏನೂ ಇಲ್ಲಮ್ಮ. ನಿಶ್ಶಬ್ದ."

"ಇಲ್ಲ ಕಣೆ, ಕೇಳಿಸ್ತದೆ. ನಿನ್ನ ಉಸಿರು ನಿನಗೇ ಕೇಳಿಸ್ತದೆ, ಯಾರೋ ಪಕ್ಕದಲ್ಲಿ ಮಲಗಿರೋ ಹಂಗೆ. ಇನ್ನೂ ಸ್ವಲ್ಪ ಹೊತ್ತು ಇರ್ಬೇಕಿತ್ತು" ಎಂದು ಹೇಳಿ, ನನ್ನ ಒದ್ದೆ ಕೂದಲನ್ನು ತನ್ನ ಸೆರಗಿನಿಂದ ಒರೆಸತೊಡಗಿದಳು.